ಉಪ್ಪು ಏರುವ ತಿಂಗಳುಗಳು

ಕುಮಟಾ ಬಿಟ್ಟು ಅಂಕೋಲೆಯ ಕಡೆ ಹೊರಟರೆ ದಿವಗಿಯ ಹತ್ತಿರ ಹೆದ್ದಾರಿ ಅಘನಾಶಿನಿಯನ್ನು ದಾಟುತ್ತದೆ. ಬಲಕ್ಕೆ ಘಟ್ಟದ ಗೆರೆ, ಎಡಕ್ಕೆ ಅಗಲವಾಗುತ್ತ ಹೋಗುವ ನೀರು. ಬಸ್ಸಿನಲ್ಲಿ ಕೂತವರಿಗೆ ಅದು ಬರೀ ಹೊಳೆ. ಆದರೆ ಆ ಹೊತ್ತಿಗೆ ಸೇತುವೆಯ ಕೆಳಗಿರುವುದು ಸಮುದ್ರದ ನೀರೋ ಘಟ್ಟದ ನೀರೋ, ಎರಡೂ ಸೇರಿದ್ದಾದರೆ ಯಾವುದು ಮೇಲಿದೆ, ಯಾವುದು ಕೆಳಗಿದೆ? ನನ್ನ ಸೋದರಮಾವನಿಗೆ ದಿನ ಬೆಳಗಾದರೆ ಏಳುತ್ತಿದ್ದ ಪ್ರಶ್ನೆ ಇದು. ಬಲೆ ಯಾವುದು, ಹೋಗುವುದು ಯಾವ ದಿಕ್ಕಿಗೆ ಎಂಬುದೆಲ್ಲ ಆಮೇಲಿನ ಮಾತು.

ಅಮ್ಮನ ತವರು ಅಘನಾಶಿನಿಯ ದಡದಲ್ಲಿ, ತದಡಿಗಿಂತ ತುಸು ಮೇಲೆ. ನಮ್ಮ ಮನೆ ಶರಾವತಿಯ ದಡದಲ್ಲಿ, ಹೊನ್ನಾವರದ ಹತ್ತಿರ. ಎರಡರ ನಡುವೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಕಡಲು ಒಂದೇ, ಮಳೆ ಒಂದೇ, ಹಿಂದಿರುವ ಘಟ್ಟವೂ ಒಂದೇ. ಆದರೂ ಅಜ್ಜಿಮನೆಯ ಅಡುಗೆಮನೆಯಲ್ಲಿ ಬೇಸಿಗೆಯ ರಜೆಯುದ್ದಕ್ಕೂ ಬಳಚಿನ ಪಲ್ಯ, ಏಡಿ ಸಾರು, ಕಾಣೆಮೀನು. ನಮ್ಮ ಮನೆಯಲ್ಲಿ ಸಂತೆಯಿಂದ ತಂದ ಬಂಗುಡೆ. ಚಿಕ್ಕಂದಿನಲ್ಲಿ ಇದಕ್ಕೆಲ್ಲ ಕಾರಣ ಮಾವನ ಜಾಣತನ ಮತ್ತು ಅಪ್ಪನ ಸೋಮಾರಿತನ ಎಂದೇ ತಿಳಿದಿದ್ದೆ. ಅಪ್ಪನ ಮೇಲಿನ ಈ ಆರೋಪ ಪೂರ್ತಿ ಬಿದ್ದುಹೋಗಿಲ್ಲವಾದರೂ ಕಾರಣದ ದೊಡ್ಡ ಪಾಲು ನೀರಿನಲ್ಲೇ ಇತ್ತು ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ಮಾವ ಪಾತಿದೋಣಿಯಲ್ಲಿ ಕೂತು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡು ಉಗುಳುವುದು. ಆಮೇಲೆ ಬೀಸುಬಲೆಯನ್ನು ಮೀನಿನ ಆಸೆಯಿಲ್ಲದೆ ಒಂದು ಸಲ ಆಳಕ್ಕೆ ಬಿಟ್ಟು, ಮೇಲೆಳೆದು, ಬಲೆಯ ಅಂಚಿನ ಹಗ್ಗವನ್ನು ತುಟಿಗೆ ಒತ್ತಿಕೊಳ್ಳುತ್ತಿದ್ದ. ಬೊಗಸೆಯದು ಮೇಲಿನ ನೀರು, ಹಗ್ಗದ್ದು ತಳದ ನೀರು. ಅದೇ ಹಗ್ಗಕ್ಕೆ ಸೀಸದ ಗುಂಡುಗಳಿದ್ದವು. ಸೀಸ ಮೈಗೆ ಕೆಟ್ಟದ್ದೆಂದು ಆಗ ಯಾರಿಗೆ ಗೊತ್ತಿತ್ತು? “ತಮಾ, ಮೇಲೆ ಸಪ್ಪೆ ಅದೆ, ಅಡಿಗೆ ಉಪ್ಪು ಬಂತು” ಎಂದನೆಂದರೆ ಬಲೆ ಆಳದ ಗುಂಡಿಗೆ ಹೋಗುತ್ತದೆ ಎಂದರ್ಥ. ಎರಡೂ ಸಪ್ಪೆಯಾಗಿದ್ದರೆ ದೋಣಿಯ ಮೂತಿ ಅಳಿವೆಯ ಬಾಯಿಯ ಕಡೆ ತಿರುಗುತ್ತಿತ್ತು. ಎರಡೂ ಉಪ್ಪಾಗಿದ್ದರೆ ಮೇಲಕ್ಕೆ, ಐಗಳಕೂರ್ವೆ, ಮಿರ್ಜಾನದ ಕಡೆಗೆ.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವಾಗ ಇದನ್ನು ಪರೀಕ್ಷಿಸುವ ಹುಚ್ಚು ನನಗೆ ಹಿಡಿಯಿತು. ಅಳಿವೆಯ ಬಾಯಿಯಿಂದ ಮೇಲಿನ ಊರುಗಳವರೆಗೆ ಅಲ್ಲಲ್ಲಿ ಬಾಟಲಿಗಳಲ್ಲಿ ನೀರು ತುಂಬಿ, ಚೀಟಿ ಅಂಟಿಸಿ ತಂದೆ. ಪ್ರಯೋಗಶಾಲೆಯಲ್ಲಿ ಪೊಟ್ಯಾಸಿಯಂ ಕ್ರೋಮೇಟಿನ ಹಳದಿ ಹನಿ ಹಾಕಿ ಸಿಲ್ವರ್ ನೈಟ್ರೇಟ್ ಬಿಡುತ್ತ ಹೋದರೆ ನೀರಿನಲ್ಲಿದ್ದ ಕ್ಲೋರೈಡ್ ಮುಗಿದ ಕ್ಷಣ ಹಳದಿ ಹೋಗಿ ಇಟ್ಟಿಗೆಗೆಂಪು ನಿಲ್ಲುತ್ತದೆ. ಸಿಲ್ವರ್ ನೈಟ್ರೇಟ್ ದುಬಾರಿ, ಅದನ್ನು ಹೊಳೆನೀರಿಗೆ ಸುರಿಯುತ್ತಿದ್ದಾನೆ ಎಂದು ಬೈಸಿಕೊಂಡೆ. ಅದೇ ಬಾಟಲಿಗಳನ್ನು ಚೀಟಿ ಕಿತ್ತು ಮಾವನ ಮುಂದಿಟ್ಟೆ. ಸಪ್ಪೆಯಿಂದ ಹಿಡಿದು ಸಮುದ್ರದ ಅರ್ಧ ಉಪ್ಪಿನವರೆಗಿನ ಬಾಟಲಿಗಳನ್ನು ಅವನು ನನ್ನ ಬ್ಯುರೆಟ್ಟಿನ ಲೆಕ್ಕದ ಸಾಲಿನಲ್ಲೇ ಜೋಡಿಸಿದ. ಅದಕ್ಕಿಂತ ಉಪ್ಪಾದವನ್ನು ಬೇರ್ಪಡಿಸಲು ಆಗಲಿಲ್ಲ. “ಅದ್ರ ಮೇಲೆ ಎಲ್ಲಾ ಕಡ್ಲೇ” ಎಂದು ಬಾಯಿ ಮುಕ್ಕಳಿಸಿ ಎದ್ದುಹೋದ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಸೊನ್ನೆಯಿಂದ ಅಷ್ಟರವರೆಗಿನ ದಾರಿಯಲ್ಲಿ ಮಾವನಿಗೆ ಬೇಕಾಗಿದ್ದುದು ಕೆಳಗಿನ ಅರ್ಧ. ಹೊಳೆಯಲ್ಲಿ ಯಾವ ಮೀನು ಎಲ್ಲಿ ನಿಲ್ಲುತ್ತದೆ ಎಂಬುದು ಹೆಚ್ಚಾಗಿ ತೀರ್ಮಾನವಾಗುವುದು ಅಲ್ಲೇ.

ಮಳೆಗಾಲ ಮುಗಿದ ಮೇಲೆ ಉಪ್ಪು ಮೇಲೇರಲು ಶುರುಮಾಡುತ್ತದೆ. ನವರಾತ್ರಿಯ ಹೊತ್ತಿಗೆ ಕೆಂಪುನೀರು ತಿಳಿಯಾಗಿ, ದೀಪಾವಳಿ ಕಳೆದ ಮೇಲೆ ಭರತದ, ಅಂದರೆ ಉಬ್ಬರದ, ಜೊತೆ ಕಡಲು ದಿನದಿನಕ್ಕೆ ಒಳಗೆ ಬರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಘಟ್ಟದಿಂದ ಇಳಿಯುವ ನೀರು ಬಡವಾದಾಗ ಉಬ್ಬರದ ಏರಿಳಿತ ಉಪ್ಪಿನಪಟ್ಟಣದವರೆಗೂ ಕಾಣುತ್ತದೆ. ಉಪ್ಪಿನ ಹಿಂದೆ ಮೀನು. ಮರಳು ತಳದ ಮೇಲೆ ಕಾಣೆ, ಕೆಸರು ದಿಬ್ಬಗಳ ಮೇಲೆ ನೀರೇರುತ್ತಿದ್ದಂತೆ ಮೇಯಲು ಬರುವ ಶೇವಟೆ, ಕಾಂಡ್ಲಾ ಬೇರುಗಳ ನಡುವೆ ಏಡಿ. ಸೇತುವೆಯ ಕಂಬ, ಬಂಡೆಗಳ ಮರೆಯಲ್ಲಿ ಕುರುಡಿ. ಇಳಿತದ ಸೆಳೆತಕ್ಕೆ ಸಿಕ್ಕಿ ಕೊಚ್ಚಿಬರುವ ಸೀಗಡಿಗೆ ಅದು ಅಲ್ಲೇ ಬಾಯಿತೆರೆದು ಕಾಯುತ್ತದೆ. ಹಾಗಾಗಿ ಕುರುಡಿಗೆ ಗಾಳ ಹಾಕುವವನು ಭರತದಲ್ಲಿ ಬರುವುದಿಲ್ಲ, ನೀರು ತಿರುಗಿ ಒಂದು ಹೊತ್ತಾದ ಮೇಲೆ ಬರುತ್ತಾನೆ.

ನೀರು ತಿರುಗುವ ಹೊತ್ತನ್ನು ಮಾವ ಪಂಚಾಂಗದಲ್ಲಿ ನೋಡುತ್ತಿದ್ದ. ಅಮಾಸೆ, ಹುಣ್ಣಿಮೆಯಂದು ನಮ್ಮ ಕಡೆ ಭರತ ಬರುವುದು ನಡುಮಧ್ಯಾಹ್ನಕ್ಕೆ ಸ್ವಲ್ಪ ಹಿಂದೆಮುಂದೆ. ಮತ್ತೊಂದು ನಡುರಾತ್ರಿಯ ಹತ್ತಿರ. ಅಲ್ಲಿಂದ ಮುಂದೆ ತಿಥಿಗೆ ಎರಡೆರಡು ಗಳಿಗೆ ಕೂಡಿಸುತ್ತ ಹೋದರಾಯಿತು. ಎರಡು ಗಳಿಗೆಗೆ 48 ನಿಮಿಷ. ಪುಸ್ತಕದ ಪ್ರಕಾರ ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಎರಡು ನಿಮಿಷದ ಅಂತರವನ್ನು ಅಮಾಸೆಗೊಮ್ಮೆ ಮತ್ತೆ ಮೊದಲಿಂದ ಎಣಿಸುವ ಪದ್ಧತಿಯೇ ನುಂಗಿಹಾಕುತ್ತಿತ್ತು. ಆದರೆ ಈ ಲೆಕ್ಕ ಅಳಿವೆಯ ಬಾಯಿಗೆ ಮಾತ್ರ. ತದಡಿಯಲ್ಲಿ ನೀರು ಇಳಿಯಲು ಶುರುವಾದ ಮೇಲೂ ದಿವಗಿಯಲ್ಲಿ ಏರುತ್ತಲೇ ಇರುತ್ತದೆ. ಪ್ರತಿ ಊರಿಗೂ ಅದರದೇ ತಡ ಇದೆ, ಅದು ಆ ಊರಿನವರಿಗೆ ಬಾಯಿಪಾಠ.

ಅಮಾಸೆ-ಹುಣ್ಣಿಮೆಯ ನೀರು ಜೋರು. ಅಷ್ಟಮಿಯ ಸುತ್ತಿನ ನೀರು ಮಂದ, ಏರುವುದೂ ಅಷ್ಟಕ್ಕಷ್ಟೆ, ಇಳಿಯುವುದೂ ಅಷ್ಟಕ್ಕಷ್ಟೆ. ಅಷ್ಟಮಿಯ ದಿನಗಳಲ್ಲಿ ಮಾವ ಬಲೆ ಹೆಣೆಯುತ್ತಿದ್ದ, ಇಲ್ಲವೆ ಮದುವೆಮನೆಗಳಿಗೆ ಹೋಗುತ್ತಿದ್ದ. ಪುರೋಹಿತರು ಯಾವ ಮುಹೂರ್ತ ಇಟ್ಟರೂ ನಮ್ಮ ಅಜ್ಜಿಮನೆಯವರು ಮೊದಲು ನೋಡುತ್ತಿದ್ದುದು ಅದು ನೀರಿನ ದಿನಕ್ಕೆ ಬೀಳುತ್ತದೆಯೇ ಎಂದು.

ಅಮಾಸೆ, ಹುಣ್ಣಿಮೆ ಎರಡರಲ್ಲಿ ಮಾವನ ಒಲವು ಅಮಾಸೆಯ ಕಡೆಗೆ. ಬೆಳದಿಂಗಳಲ್ಲಿ ಬಲೆ ಮೀನಿಗೆ ಕಾಣುತ್ತದೆ. ಕತ್ತಲಲ್ಲೂ ಒಂದು ತೊಂದರೆ ಇತ್ತು. ಕೆಲವು ರಾತ್ರಿ ನೀರನ್ನು ಕಲಕಿದರೆ ಹಸಿರು-ನೀಲಿ ಬೆಳಕು ಏಳುತ್ತದೆ. ಕಣ್ಣಿಗೆ ಕಾಣದ ಜೀವಿಗಳು ಹೊತ್ತಿಸುವ ಬೆಳಕು. ಪ್ರವಾಸಿಗರು ಈಗ ಅದನ್ನು ನೋಡಲೆಂದೇ ದೋಣಿ ಮಾಡಿಕೊಂಡು ಬರುತ್ತಾರೆ. ಮಾವನಿಗೆ ಅದು ಕೆಟ್ಟ ರಾತ್ರಿ. ಸೆಳೆತಕ್ಕೆ ಅಲುಗುವ ಬಲೆಯ ಒಂದೊಂದು ಕಣ್ಣೂ ಬೆಳಗುತ್ತಿರುವಾಗ ಯಾವ ಮೀನು ಬಂದು ಬೀಳುತ್ತದೆ? ನೀರು ಕದಡಿದ್ದರೆ ಬಲೆಯವನಿಗೆ ಲಾಭ, ಗಾಳದವನಿಗೆ ನಷ್ಟ; ತಿಳಿಯಾಗಿದ್ದರೆ ಇದರ ತಿರುವುಮುರುವು. ಒಂದೇ ದೋಣಿಯಲ್ಲಿ ಬಲೆಯವನೂ ಗಾಳದವನೂ ಇದ್ದರೆ ಹವಾಮಾನದ ಬಗ್ಗೆ ಒಮ್ಮತವೇ ಬರುವುದಿಲ್ಲ.

ಗಜನಿಯ ವಿಷಯವೇ ಬೇರೆ. ಅಳಿವೆಯ ಅಂಚಿನಲ್ಲಿ ಒಡ್ಡು ಕಟ್ಟಿ ಮಾಡಿದ ತಗ್ಗುಗದ್ದೆಗಳು ಅವು. ಮಳೆಗಾಲದಲ್ಲಿ ಅಲ್ಲಿ ಕಗ್ಗ ಬೆಳೆಯುತ್ತಾರೆ. ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ ಭತ್ತ, ಗೊಬ್ಬರ ಕೇಳುವುದಿಲ್ಲ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಒಡ್ಡಿನ ಬಾಗಿಲು, ಅದೇ ಜಂತ್ರಡಿ, ತೆರೆದು ಭರತದ ನೀರನ್ನು ಒಳಗೆ ಬಿಟ್ಟರೆ ನೀರಿನ ಜೊತೆ ಕೂದಲೆಳೆಯಂಥ ಸೀಗಡಿ ಮರಿಗಳು ಬರುತ್ತವೆ. ಸೀಗಡಿ ಮೊಟ್ಟೆ ಇಡುವುದು ಕಡಲಿನಲ್ಲಿ, ಬೆಳೆಯುವುದು ಅಳಿವೆಯಲ್ಲಿ. ಕೊಳೆಯುವ ಹುಲ್ಲಿನ ಸುತ್ತ ಹುಟ್ಟುವ ಪಾಚಿ, ಹುಳುಹುಪ್ಪಟೆ ತಿಂದು ಅವು ದಪ್ಪವಾಗುತ್ತವೆ, ದಪ್ಪವಾದ ಮೇಲೆ ಕಡಲಿಗೆ ಮರಳಲು ಹವಣಿಸುತ್ತವೆ. ಆ ಹವಣಿಕೆ ಜೋರಾಗುವುದು ಅಮಾಸೆ-ಹುಣ್ಣಿಮೆಯ ರಾತ್ರಿ ಇಳಿತದಲ್ಲಿ. ನಡುರಾತ್ರಿ ಭರತವೆಂದ ಮೇಲೆ ಇಳಿತ ಬೆಳಗಿನ ಜಾವದವರೆಗೆ ನಡೆಯುತ್ತದೆ. ಕತ್ತಲು, ಸೆಳೆತ, ಸೀಗಡಿ ಓಡಾಡುವ ಹೊತ್ತು ಮೂರೂ ಒಂದೇ ಕಡೆ ಕೂಡಿಬರುವುದು ಪಕ್ಷಕ್ಕೊಮ್ಮೆ ಬರುವ ಆ ಕೆಲವೇ ರಾತ್ರಿ.

ಜಂತ್ರಡಿಯ ಬಾಯಿಗೆ ಚೀಲದಂಥ ಬಲೆ ಕಟ್ಟಿ, ಲಾಟೀನು ತೂಗುಹಾಕಿ ಕೂತ ರಾತ್ರಿಗಳು ನನ್ನ ಹುಡುಗತನದ ಅತಿ ದೊಡ್ಡ ಮೋಜು. ಮೊದಲ ಒಂದೆರಡು ತಾಸು ಬರೀ ಕಸ, ಎಲೆ, ಸಣ್ಣ ಏಡಿ. ಗಜನಿಯ ನೀರು ಮೊಣಕಾಲಿಗೆ ಇಳಿದಾಗ ಬಲೆ ಒಮ್ಮೆಲೇ ಭಾರವಾಗುತ್ತದೆ. ಬಲೆಯ ಬಾಲವನ್ನು ಬಿಚ್ಚಿ ಬುಟ್ಟಿಗೆ ಸುರಿದರೆ ಚಟಪಟ ಸದ್ದು, ಲಾಟೀನಿನ ಬೆಳಕಿಗೆ ಸಾವಿರ ಕೆಂಪು ಕಣ್ಣು. ಅತ್ತೆ ಅಲ್ಲೇ ಕೂತು ದೊಡ್ಡದು, ಸಣ್ಣದು, ಒಣಗಿಸುವ ಶೆಟ್ಲಿ ಎಂದು ಮೂರು ರಾಶಿ ಮಾಡುತ್ತಿದ್ದಳು. ಬೆಳಗಾಗುವುದರೊಳಗೆ ದೊಡ್ಡದು ತದಡಿಯ ದಾರಿ ಹಿಡಿದಿರುತ್ತಿತ್ತು. ನಮಗೆ ಉಳಿಯುತ್ತಿದ್ದುದು ನಡುವಿನ ರಾಶಿ, ಅದರಲ್ಲೇ ರುಚಿ ಹೆಚ್ಚು ಎಂದು ಅತ್ತೆ ವಾದಿಸುತ್ತಿದ್ದಳು.

ಅತ್ತೆಗೆ ಅವಳದೇ ಹೊಳೆಯಿತ್ತು. ಇಳಿತದಲ್ಲಿ ಊರಿನ ಹೆಂಗಸರ ಜೊತೆ ಸೊಂಟದ ನೀರಿಗಿಳಿದು ಪಾದದಿಂದ ತಳವನ್ನು ತಡಕುತ್ತ ಬಳಚು ಹೆಕ್ಕುತ್ತಿದ್ದಳು. ಮೀನು ಕೆಟ್ಟ ನೀರು ಬಂದರೆ ಓಡಿಹೋಗುತ್ತದೆ. ಬಳಚಿಗೆ ಓಡಲು ಕಾಲಿಲ್ಲ, ಚಿಪ್ಪು ಮುಚ್ಚಿಕೊಂಡು ಕಾಯುತ್ತದೆ. ಕಾಯುವುದಕ್ಕೂ ಮಿತಿಯಿದೆ. ಸಿಹಿನೀರು ಬಹಳ ದಿನ ನಿಂತರೆ ಚಿಪ್ಪು ಬಾಯಿಬಿಡುತ್ತದೆ. ಕಡಿಮೆ ಉಪ್ಪು ತಾಳುವ ಕಪ್ಪು ಚಿಪ್ಪಿನದು ಹೊಳೆಯ ಮೇಲ್ಭಾಗದಲ್ಲಿ, ಬಿಳಿ ಚಿಪ್ಪಿನವು ಬಾಯಿಯ ಕಡೆಗೆ. ಬಂಡೆಗೆ ಅಂಟಿದ ಕಲುವ ಇನ್ನೂ ಹೊರಗೆ. ಹೊಳೆಯ ನೀರು ವರ್ಷವಿಡೀ ಹೇಗಿತ್ತು ಎಂದು ತಿಳಿಯಬೇಕಿದ್ದರೆ ಮಾವನ ನಾಲಿಗೆಗಿಂತ ಅತ್ತೆಯ ಬುಟ್ಟಿಯೇ ನಂಬಿಕೆಗೆ ಯೋಗ್ಯ ಎಂದು ನನಗೆ ಈಗ ಅನ್ನಿಸುತ್ತದೆ. ಮಾವ ಇವತ್ತಿನ ನೀರನ್ನಷ್ಟೇ ಹೇಳುತ್ತಿದ್ದ.

ಮಳೆಗಾಲದಲ್ಲಿ ಎಲ್ಲರೂ ನೋಡುತ್ತಿದ್ದುದು ಮೂಡಣ ದಿಕ್ಕನ್ನು. ಊರಿನಲ್ಲಿ ಬಿಸಿಲಿರಬಹುದು. ಶಿರಸಿ-ಸಿದ್ದಾಪುರದ ಕಡೆ ಆಕಾಶ ಕಪ್ಪಾಗಿದ್ದರೆ ಉಂಚಳ್ಳಿಯಲ್ಲಿ ಧುಮುಕಿದ ನೀರು ಇಲ್ಲಿಗೆ ಬಂದೇ ಬರುತ್ತದೆ. ಮೊದಲು ತರಗೆಲೆ, ನೊರೆ, ಬಿದಿರಿನ ತುಂಡು, ಹಿಂದೆಯೇ ಕೆಂಪುನೀರು. ಮೃಗಶಿರ ಮಳೆಯ ಮೊದಲ ಹೊಡೆತಕ್ಕೆ ಅಳಿವೆಯಲ್ಲಿ ಉಳಿದ ಸೀಗಡಿಯೆಲ್ಲ ಕಡಲ ಕಡೆ ಹೊರಡುತ್ತದೆ. ಬಾಯಿಯ ಹತ್ತಿರ ಬಲೆ ಹಾಕಿದವರಿಗೆ ಅದು ಹಬ್ಬ. ಅತ್ತ ಗದ್ದೆಯ ಹಳ್ಳಗಳಲ್ಲಿ ಹತ್ತುಮೀನು, ಮಕ್ಕಳು ಕೊಡೆ ಬಿಸಾಡಿ ಬುಟ್ಟಿ ಹಿಡಿಯುವ ಕಾಲ. ಆಮೇಲೆ ಎರಡು ತಿಂಗಳು ಹೊಳೆ ಯಾರ ಮಾತನ್ನೂ ಕೇಳುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಕಡಲು ಬಂದ್ ಆಗಿರುವುದರಿಂದ ಹೊಳೆಮೀನಿಗೆ ಬಂಗಾರದ ಬೆಲೆ. ಬೆಲೆ ಇರುವಾಗಲೇ ಮೀನು ಇಲ್ಲ. ಮಾವ ಆಗಲೂ ಬಿಡುತ್ತಿರಲಿಲ್ಲ. ಸಿಹಿನೀರು ಹಗುರ, ಉಪ್ಪುನೀರು ಭಾರ. ಮೇಲೆ ಕೆಂಪುನೀರು ಕಡಲಿಗೆ ಓಡುತ್ತಿದ್ದರೂ ಬಾಯಿಯ ಹತ್ತಿರದ ಆಳದ ಗುಂಡಿಗಳಲ್ಲಿ, ಮಳೆ ಬಿಡುವು ಕೊಟ್ಟ ದಿನ, ಕಡಲು ತಳದಿಂದ ನುಸುಳಿ ಬಂದಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಮೇಲೆ ನಿಲ್ಲಿಸಿದ ಬಲೆ ಖಾಲಿ ಬಂದ ದಿನವೇ ತಳಕ್ಕಿಳಿಸಿದ ಬಲೆಯಲ್ಲಿ ಮೀನು ಸಿಕ್ಕಿದ್ದುಂಟು.

ಗಾಳಿಯ ಬಗ್ಗೆ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಗಾಳಿ ಮೀನಿನ ಪ್ರಶ್ನೆಯಾಗಿರಲಿಲ್ಲ, ಮನೆಗೆ ಮರಳುವ ಪ್ರಶ್ನೆಯಾಗಿತ್ತು. ಬೇಸಿಗೆಯಲ್ಲಿ ಬೆಳಿಗ್ಗೆ ಮೂಡುಗಾಳಿ, ಮಧ್ಯಾಹ್ನದ ಮೇಲೆ ಪಡುಗಾಳಿ. ಪಡುಗಾಳಿ ಒಳಕ್ಕೆ ಬೀಸುತ್ತಿರುವಾಗ ಇಳಿತ ಹೊರಕ್ಕೆ ಹರಿದರೆ ಎರಡೂ ಅಳಿವೆಯ ಬಾಯಲ್ಲಿ ಗುದ್ದಾಡಿ ತೆರೆಗಳು ಗೋಡೆಯಂತೆ ಎದ್ದು ನಿಲ್ಲುತ್ತವೆ. ಅಮಾಸೆಯ ದಿನ ಮಧ್ಯಾಹ್ನ ಭರತವಾದರೆ ಸಂಜೆಯ ಇಳಿತ ಸರಿಯಾಗಿ ಪಡುಗಾಳಿಯ ಹೊತ್ತಿಗೇ ಬೀಳುತ್ತದೆ. ಒಳ್ಳೆಯ ಮೀನಿನ ದಿನವೂ ಕೆಟ್ಟ ತೆರೆಯ ದಿನವೂ ಒಂದೇ ಆಗುವುದು ಹೀಗೆ. ಆ ದಿನ ಮಾವ ಬಾಯಿಯ ಕಡೆ ತಲೆ ಹಾಕುತ್ತಿರಲಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯ ಪಕ್ಕದಲ್ಲಿ ಹಾದುಹೋದಾಗ ನಾನು ಅಲ್ಲೇ ಇದ್ದೆ. ತೆಂಕಣ ಗಾಳಿ, ಭರತದ ಮೇಲೆ ಭರತ, ಕಡಲೂ ಮಳೆಯೂ ಒಟ್ಟಿಗೆ ಹೊಳೆಯೊಳಗೆ. ವಯಸ್ಸಾಗಿದ್ದ ಮಾವ ಜಗಲಿಯಲ್ಲಿ ಕೂತು, ಈ ನೀರು ಯಾವುದೆಂದು ತನಗೂ ತಿಳಿಯುವುದಿಲ್ಲ ಎಂದ.

ಈಗ ನಮ್ಮ ಹೊಳೆಯ ಮಾತು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದದ್ದು 1964ರಲ್ಲಿ. ಮಳೆಗಾಲದ ನೀರನ್ನು ಮೇಲೆ ಹಿಡಿದಿಟ್ಟು ವರ್ಷವಿಡೀ ಸ್ವಲ್ಪಸ್ವಲ್ಪ ಬಿಟ್ಟು ವಿದ್ಯುತ್ ಮಾಡುತ್ತಾರೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಅದರಿಂದ ಹೊರಬಿದ್ದ ನೀರು ಮತ್ತೊಮ್ಮೆ ಗೇರುಸೊಪ್ಪೆಯಲ್ಲಿ 240 ಮೆಗಾವಾಟಿನ ಯಂತ್ರಗಳನ್ನು ತಿರುಗಿಸಿ ಹೊನ್ನಾವರದ ಕಡೆ ಹರಿಯುತ್ತದೆ. ಯಂತ್ರಗಳು ಬೇಸಿಗೆಯಲ್ಲೂ ತಿರುಗುತ್ತವೆ. ಅಂದರೆ ಅಘನಾಶಿನಿಯಲ್ಲಿ ಉಪ್ಪು ಮೇಲೇರುವ ತಿಂಗಳುಗಳಲ್ಲೇ ಶರಾವತಿಯಲ್ಲಿ ಸಿಹಿನೀರು ಕೆಳಗಿಳಿದು ಬಂದು ಕಡಲನ್ನು ಬಾಯಿಯಲ್ಲೇ ತಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಈ ಅಳಿವೆಗಳನ್ನು ಹೋಲಿಸಿ ನೋಡಿದ್ದಾರೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಮೀನಿನ ಜಾತಿಗಳೂ ಬಳಚೂ ಹೆಚ್ಚು, ಶರಾವತಿಯಲ್ಲಿ ಕಡಿಮೆ, ಅದಕ್ಕೆ ಉಪ್ಪು ತಗ್ಗಿದ್ದೇ ಮುಖ್ಯ ಕಾರಣ ಎಂಬುದು ಅವರ ಬರಹಗಳ ಸಾರ. ಅದನ್ನು ಓದಿದ ದಿನ ಅಪ್ಪನ ಸೋಮಾರಿತನದ ಮೇಲಿನ ನನ್ನ ಸಿದ್ಧಾಂತ ಅರ್ಧಕ್ಕರ್ಧ ಕುಸಿಯಿತು.

ಅಪ್ಪನಿಗೆ ಈ ವಿಷಯ ಹೇಳಿದಾಗ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಹುಡುಗನಾಗಿದ್ದಾಗ ಅದೇ ದಡದಲ್ಲಿ ತಾನೂ ಬಳಚು ಹೆಕ್ಕಿದ್ದೇನೆ ಎಂದ. ಬಾವಿಯ ನೀರು ಬೇಸಿಗೆಯಲ್ಲೂ ಸಿಹಿಯಾಗಿದೆ, ತೆಂಗಿಗೆ ಒಳ್ಳೆಯದಾಯಿತು ಎಂದೂ ಸೇರಿಸಿದ. ಅದು ಸುಳ್ಳೆಂದು ಹೇಳಲಾರೆ. ನಾವು ಓದಿದ್ದೂ ಅದೇ ಹೊಳೆಯಿಂದ ಬಂದ ಕರೆಂಟಿನ ಬೆಳಕಿನಲ್ಲಿ. ಆದರೆ ನೀರು ಸಮುದ್ರಕ್ಕೆ ಹರಿದು ಸುಮ್ಮನೆ ವ್ಯರ್ಥವಾಗುತ್ತದೆ ಎಂದು ಭಾಷಣಗಳಲ್ಲಿ ಕೇಳಿದಾಗಲೆಲ್ಲ ನನಗೆ ಕಿರಿಕಿರಿಯಾಗುತ್ತದೆ. ಅಘನಾಶಿನಿಯ ನೀರನ್ನು ವೇದಾವತಿ ನದಿಗೆ ಒಯ್ಯುವ ಪ್ರಸ್ತಾಪದ ಸುತ್ತ ಈ ಮಾತು ಮತ್ತೆ ಎದ್ದಿದೆ. ಇತ್ತ ಇದೇ ಅಳಿವೆಯ 4,801 ಹೆಕ್ಟೇರ್ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿದೆ. ಕಡಲಿಗೆ ಸೇರುವ ಮೊದಲು ಆ ನೀರು ಎಷ್ಟು ಒಲೆ ಹೊತ್ತಿಸುತ್ತದೆ ಎಂದು ಲೆಕ್ಕ ಹಾಕುವವರು ಜೂನ್‌ನ ಮೊದಲ ಕೆಂಪುನೀರಿನಲ್ಲೂ ಬರಬೇಕು, ಮಾರ್ಚಿನ ಅಮಾಸೆಯ ರಾತ್ರಿಯಲ್ಲೂ ಬರಬೇಕು. ಎರಡೂ ಬೇಕು ಅಳಿವೆಗೆ. ಸಿಹಿಯೊಂದೇ ಆದರೆ ಶರಾವತಿ. ಉಪ್ಪೊಂದೇ ಆದರೆ ಕಗ್ಗವೂ ಏಳುವುದಿಲ್ಲ, ಕಡಿಮೆ ಉಪ್ಪಿನಲ್ಲಿ ಬೆಳೆಯುವ ಮರಿಗಳಿಗೂ ನೆಲೆಯಿಲ್ಲ.

ಮಾವ ಈಗಿಲ್ಲ. ಪಾತಿದೋಣಿ ಅವನ ಮಗನದು. ಭಾವನ ಫೋನಿನಲ್ಲಿ ಗಾಳಿ, ತೆರೆ, ಭರತದ ವೇಳೆ ಎಲ್ಲ ಬರುತ್ತದೆ. ಹೈದರಾಬಾದಿನ ಒಂದು ಸಂಸ್ಥೆ ಉಪಗ್ರಹ ನೋಡಿ ಕಡಲಲ್ಲಿ ಮೀನು ಎಲ್ಲಿರಬಹುದೆಂದು ಹೇಳುವ ಸಂದೇಶವೂ ಬರುತ್ತದೆ. ಅದು ಹೊರಗಡಲಿಗೆ ಹೋಗುವವರಿಗೆ. ಹೊಳೆಯ ಉಪ್ಪನ್ನು ಫೋನು ಹೇಳುವುದಿಲ್ಲವಾದ್ದರಿಂದ ಅವನೂ ಬೊಗಸೆ ನೀರನ್ನು ಬಾಯಿಗೆ ಹಾಕುತ್ತಾನೆ, ಆದರೆ ಹಗ್ಗಕ್ಕೆ ತುಟಿ ಇಡುವುದಿಲ್ಲ. ಸೀಸದ ವಿಷಯ ನಾನೇ ಹೇಳಿದ್ದೆ.

ಅವನ ಈಗಿನ ತಲೆನೋವು ಮೇ ತಿಂಗಳು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿ ನಮ್ಮ ಕರಾವಳಿಗೂ ಬಂದುಬಿಟ್ಟಿತು. ಅದಕ್ಕೂ ಮೊದಲೇ ಹಿಡಿದ ಮಳೆ ಬಿಟ್ಟಿರಲಿಲ್ಲ. ಗಜನಿಯಲ್ಲಿ ಇನ್ನೂ ಬೆಳೆಯಬೇಕಿದ್ದ ಸೀಗಡಿ ಸಿಹಿನೀರು ತಾಗಿದ ಕೂಡಲೇ ಸಿಕ್ಕ ಸಂದಿಯಲ್ಲೆಲ್ಲ ನುಸುಳಿ ಹೊರಟಿತು; ವರ್ಷದ ಕೊನೆಯ ಅಮಾಸೆಗೆ ಜಂತ್ರಡಿಗೆ ಬಲೆ ಕಟ್ಟಿದವರಿಗೆ ಕಸವಷ್ಟೇ. ಗಜನಿಯ ಮೀನನ್ನು ಗುತ್ತಿಗೆ ಹಿಡಿದಿದ್ದ ಭಾವ ಹಾಕಿದ ದುಡ್ಡನ್ನು ಪೂರ್ತಿ ಎತ್ತಲಿಲ್ಲ. ಅಂದಿನಿಂದ ಅವನು ಗುತ್ತಿಗೆಯ ಮಾತಿಗೆ ಕೂತರೆ ಮೇ ತಿಂಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಏಪ್ರಿಲ್ ಅಮಾಸೆಯವರೆಗಿನ ನೀರಿಗೆ ಎಷ್ಟು ಎಂದು ದರ ಹೇಳುತ್ತಾನೆ. ಗದ್ದೆಯವರು ಹಳೆಯ ರೂಢಿ ಹೇಳಿ ಒಪ್ಪುವುದಿಲ್ಲ. ಮೊನ್ನೆ ಫೋನು ಮಾಡಿದಾಗಲೂ ಆ ಜಗ್ಗಾಟ ಮುಗಿದಿರಲಿಲ್ಲ.